ಕಣ್ಣು ಮುಚ್ಚಿ ಡ್ರಮ್ಮು ಕೇಳುತ್ತಿದ್ದವರು

ಈ ಬೇಸಿಗೆಯಲ್ಲೂ ಪ್ಯಾಂಟುಗಳ ಚೀಲ ಬಂತು. ಎಲ್ಲ ಕರಿ ಪ್ಯಾಂಟು. ತಂದು ಬಾಗಿಲಲ್ಲಿಟ್ಟವಳು ಯಾರೋ ಬಿಳಿ ಹೆಂಗಸು. ಒಳ್ಳೆಯವಳೇ, ನಕ್ಕಳು, ಥ್ಯಾಂಕ್ಯೂ ಅಂದಳು, ಹೋದಳು. ಆದರೆ ಮೂರು ವರ್ಷ ಆ ಚೀಲ ಹೊತ್ತು ತಂದವರು ಒಂದು ದಿನವೂ ಬೆಲ್ ಒತ್ತಿದವರಲ್ಲ. ಹೊಸಿಲಲ್ಲಿ ನಿಂತು ಬಾಗಿಲ ಮೇಲೆ ಎರಡೂ ಕೈಯ ಬೆರಳಲ್ಲಿ ಟರ್‍ರ್ ಎಂದು ಬಾರಿಸುತ್ತಿದ್ದರು. ಆ ಸದ್ದಿಗೆ ನನ್ನ ಮೊಮ್ಮಗಳು ಕೈಲಿದ್ದದ್ದು ಬಿಸಾಕಿ ಓಡುತ್ತಿದ್ದಳು.

ಅವರು ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ನಾನು ಅವರನ್ನು ಹೆಸರು ಹಿಡಿದು ಕರೆದವಳೂ ಅಲ್ಲ. ಬ್ಯಾಂಡ್ ಯಜಮಾನರು ಅನ್ನುತ್ತಿದ್ದೆ. ಅವರು ನನ್ನನ್ನು ಟೈಲರಮ್ಮ ಅನ್ನುತ್ತಿದ್ದರು. ಅಷ್ಟರಲ್ಲೇ ನಮ್ಮ ಪರಿಚಯ ಮುಗಿಯಿತು.

ನಾನು ಅಮೆರಿಕದ ಈ ಮಿಲ್ ಕ್ರೀಕಿಗೆ ಬಂದದ್ದು ಎರಡು ಸಾವಿರದ ಹದಿಮೂರರಲ್ಲಿ, ಮಗಳ ಬಾಣಂತನಕ್ಕೆ. ಮಗು ಬೆಳೆಯಿತು, ನಾನು ಉಳಿದೆ. ಚನ್ನಪಟ್ಟಣದಲ್ಲಿ ಇಪ್ಪತ್ತೆಂಟು ವರ್ಷ ಹೊಲಿಗೆ ಹಾಕಿದ ಕೈ ಸುಮ್ಮನೆ ಕೂರುವುದಿಲ್ಲ ಎಂದು ಅಳಿಯ ಒಂದು ಮಿಷನ್ ತಂದುಕೊಟ್ಟ. ಇಲ್ಲಿಯ ಕನ್ನಡದ ಹೆಣ್ಣುಮಕ್ಕಳ ರವಿಕೆಯ ಹೊಲಿಗೆ ಬಿಚ್ಚಿ ಅಗಲ ಮಾಡುವುದೇ ನನ್ನ ಕೆಲಸ. ಊರಿಂದ ಬರುವಾಗ ಕಡ್ಡಿ ಹಾಗಿರುತ್ತಾರೆ, ಎರಡು ವರ್ಷಕ್ಕೆ ರವಿಕೆ ಹಿಡಿಸುವುದಿಲ್ಲ. ಹೇಳಿದರೆ ಕೋಪ ಬೇರೆ.

ಈ ರವಿಕೆಯ ಸುದ್ದಿ ಕೇಳಿಯೇ ಅವರು ನನ್ನನ್ನು ಹುಡುಕಿಕೊಂಡು ಬಂದದ್ದು. ಎರಡು ರಸ್ತೆ ಆಚೆ ಮಗಳ ಮನೆಯಲ್ಲಿದ್ದರು. ಮಗಳು ಕ್ಯಾನ್ಯನ್ ಪಾರ್ಕಿನಲ್ಲಿ ಯಾವುದೋ ಔಷಧಿ ಕಂಪನಿಯಲ್ಲಿ. ಎಪ್ಪತ್ತು ದಾಟಿದ ಮನುಷ್ಯ, ಬೆನ್ನು ಮಾತ್ರ ಅಳತೆ ಕೋಲಿನ ಹಾಗೆ ನೆಟ್ಟಗೆ.

"ಪ್ಯಾಂಟ್ ಆಲ್ಟ್ರೇಷನ್ ಮಾಡ್ತೀರಾ ಅಮ್ಮಾ?" ಅಂದರು.

"ಎಷ್ಟಿದೆ?"

"ನಲವತ್ತು."

"ನಿಮಗೆ ನಲವತ್ತು ಪ್ಯಾಂಟಾ?"

"ನಂಗಲ್ಲ. ಮಕ್ಕಳಿಗೆ. ಬೇಸಿಗೇಲಿ ಉದ್ದ ಆಗ್ಬಿಡ್ತಾರೆ."

ನಲವತ್ತು ಮಕ್ಕಳ ತಂದೆಯನ್ನು ನೋಡಿದ್ದು ಅದೇ ಮೊದಲು ಎಂದೆ. ನಗಲಿಲ್ಲ. ಕೂತು ವಿವರಿಸಿದರು. ಇಲ್ಲಿ ಹುಡುಗ ಹುಡುಗಿಯರ ಡ್ರಮ್ಮು, ತುತ್ತೂರಿಯ ತಂಡಗಳಿವೆ. ಒಂದೊಂದರಲ್ಲೂ ನೂರಕ್ಕೂ ಹೆಚ್ಚು ಜನ. ಬೇಸಿಗೆ ಪೂರ್ತಿ ಬಸ್ಸಿನಲ್ಲಿ ಊರೂರು ಸುತ್ತುತ್ತಾರೆ, ಶಾಲೆಗಳ ನೆಲದ ಮೇಲೆ ಮಲಗುತ್ತಾರೆ, ಫುಟ್‌ಬಾಲ್ ಮೈದಾನದಲ್ಲಿ ನಡೆಯುತ್ತ, ಓಡುತ್ತ ಬಾರಿಸುತ್ತಾರೆ. ತೀರ್ಪುಗಾರರು ಕೂತು ಯಾರು ಮೊದಲು ಯಾರು ಕೊನೆ ಎಂದು ಹೇಳುತ್ತಾರೆ. ಇಪ್ಪತ್ತೆರಡು ತುಂಬಿದರೆ ತಂಡದಿಂದ ಹೊರಗೆ, ಮತ್ತೆ ಸೇರುವ ಹಾಗಿಲ್ಲ. ಅಂಥದೊಂದು ತಂಡದ ಪ್ಯಾಂಟು ಸರಿಮಾಡಿಸುವ ಕೆಲಸ ಇವರು ತಾವಾಗಿಯೇ ವಹಿಸಿಕೊಂಡಿದ್ದರು.

"ಇದರಿಂದ ಆ ಮಕ್ಕಳಿಗೆ ಏನು ಸಿಗುತ್ತೆ?" ಎಂದೆ.

"ಕಾಲು ನೋವು" ಅಂದರು.

ಆಗ ನನಗೆ ಮನುಷ್ಯ ಹಿಡಿಸಿದ.

ಪ್ಯಾಂಟಿಗೊಂದು ನಿಯಮವಿತ್ತು. ಹುಡುಗ ಉದ್ದವಿರಲಿ ಗಿಡ್ಡವಿರಲಿ, ಕೆಳಗಿನ ಮಡಿಕೆ ನೆಲದಿಂದ ಎಲ್ಲರದ್ದೂ ಒಂದೇ ಎತ್ತರಕ್ಕೆ ನಿಲ್ಲಬೇಕು. ಒಬ್ಬನದ್ದು ಅರ್ಧ ಇಂಚು ಇಳಿದರೂ ಸಾಲು ಸೊಟ್ಟಗೆ ಕಾಣುತ್ತದೆ. ನಾನು ಮೊದಲ ಚೀಲ ಮುಗಿಸಿ ಕೊಟ್ಟಾಗ ಅವರು ಒಂದೊಂದನ್ನೂ ತೆಗೆದು ಟೇಪು ಹಿಡಿದರು. ನನಗೆ ರೇಗಿತು.

"ನಂಬಿಕೆ ಇಲ್ದಿದ್ರೆ ಯಾಕ್ ಕೊಟ್ರಿ?"

"ನಂಬಿಕೆ ಇದೆ ಟೈಲರಮ್ಮ. ಅಭ್ಯಾಸ. ನಮ್ ಬ್ಯಾಂಡ್ ಮಾಸ್ಟರು ನಮ್ ಷೂ ಲೇಸಿಗೂ ಅಳತೆ ಹಿಡಿಯೋರು."

ಮೈಸೂರಿನಲ್ಲಿ ಪೊಲೀಸ್ ಬ್ಯಾಂಡಿನಲ್ಲಿದ್ದವರು. ಮೂವತ್ತು ವರ್ಷ ಸೈಡ್ ಡ್ರಮ್ಮು, ಎರಡು ಕಡ್ಡಿಯಲ್ಲಿ ಬಾರಿಸುವ ಸಣ್ಣ ಡ್ರಮ್ಮು, ಬಾರಿಸಿದ್ದರು. ಅದನ್ನು ಹೇಳುವಾಗ ದೊಡ್ಡಸ್ತಿಕೆ ಇರುತ್ತಿರಲಿಲ್ಲ. "ಮೂವತ್ ವರ್ಷ ಬಾರಿಸ್ದೆ, ಒಬ್ರೂ ನನ್ ಕಡೆ ತಿರುಗಿ ನೋಡ್ಲಿಲ್ಲ. ಎಲ್ಲಾ ಹಿಂದೆ ಬರೋ ಕುದುರೆ ನೋಡೋರು" ಅನ್ನುತ್ತಿದ್ದರು. ಇಲ್ಲಿಗೆ ಬಂದ ಹೊಸದರಲ್ಲಿ ಹೆಂಡತಿಯೊಂದಿಗೆ ಯಾವುದೋ ಶಾಲೆಯ ಪಕ್ಕ ನಡೆದು ಹೋಗುವಾಗ ಡ್ರಮ್ಮಿನ ಸದ್ದು ಕೇಳಿ ಒಳಗೆ ಹೋದರಂತೆ. ಸಾವಿರಾರು ಜನ ಟಿಕೆಟ್ ತೆಗೆದುಕೊಂಡು ಕೂತಿದ್ದಾರೆ. ಎಂಟು ಜನ ಸೈಡ್ ಡ್ರಮ್ಮಿನವರು ಮುಂದೆ ಬಂದು ಬಾರಿಸಿದ್ದಕ್ಕೆ ಅಷ್ಟೂ ಜನ ಎದ್ದು ನಿಂತರಂತೆ. "ಕುದುರೆ ಎಲ್ಲೀಂತ ಹುಡುಕಿದೆ. ಇರ್ಲಿಲ್ಲ" ಅಂದರು. ಅವತ್ತಿನಿಂದ ಹದಿನೈದು ವರ್ಷ ಒಂದು ಬೇಸಿಗೆಯೂ ತಪ್ಪಿಸಿರಲಿಲ್ಲ. ಹೆಂಡತಿ ತೀರಿಕೊಂಡ ವರ್ಷವೂ ಹೋಗಿದ್ದರು. ಅದೇ ಎರಡು ಸೀಟು. ಒಂದು ಖಾಲಿ.

ಆ ಖಾಲಿ ಸೀಟಿಗೆ ನನ್ನನ್ನು ಕರೆದರು. "ನಿಮ್ ಮಡಿಕೆ ನೀವೇ ನೋಡ್ಬೇಕು ಬನ್ನಿ" ಅಂದರು. ನನ್ನ ಮಗಳು ನನ್ನ ಮುಖ ನೋಡಿ ನಕ್ಕಳು. ನಾನು ಬೈದೆ, "ಎಪ್ಪತ್ತರ ಹತ್ರ ಬಂದೋಳನ್ನ ನೋಡಿ ನಗ್ತೀಯಲ್ಲ, ನಾಚಿಕೆ ಆಗಲ್ವಾ?" ಚಿತ್ರಾನ್ನ ಕಟ್ಟಿಕೊಂಡು ಹೊರಟೆ.

ಮುಕ್ಕಾಲು ಗಂಟೆ ದಾರಿ. ಸ್ಟೇಡಿಯಂ ತಲುಪಿದರೆ ಒಳಗೆ ಹೋಗಲಿಲ್ಲ. ಹಿಂದಿನ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋದರು. ಆಟಕ್ಕೆ ಮೊದಲು ತಂಡಗಳು ಅಲ್ಲಿ ನಿಂತು ಒಂದಿಷ್ಟು ಬಾರಿಸಿ ಕೈ ಪಳಗಿಸಿಕೊಳ್ಳುತ್ತವೆ. ಬಹಳ ವರ್ಷದಿಂದ ನೋಡುವವರೆಲ್ಲ ಮೊದಲು ಅಲ್ಲಿಗೇ ಹೋಗುವುದು. ಡಾಂಬರಿನ ಮೇಲೆ ಎಂಟು ಹುಡುಗರು ಸಾಲಾಗಿ ನಿಂತಿದ್ದರು. ಸುತ್ತ ಬೊಕ್ಕತಲೆಯ ಗಂಡಸರು, ಟೋಪಿ ಹಾಕಿದ ಹೆಂಗಸರು, ಯಾರೂ ಪಿಟ್ ಎನ್ನುವುದಿಲ್ಲ. ಇವರನ್ನು ಕಂಡು ಇಬ್ಬರು ಮೂವರು ತಲೆ ಆಡಿಸಿ ಜಾಗ ಬಿಟ್ಟರು. ದೇವಸ್ಥಾನದಲ್ಲಿ ಹಳಬರಿಗೆ ಬಿಡುತ್ತಾರಲ್ಲ, ಹಾಗೆ.

ಹುಡುಗರು ಶುರು ಮಾಡಿದರು. ನಾನು ಹುಡುಗರನ್ನು ನೋಡುತ್ತಿದ್ದೆ, ನಿಜ ಹೇಳಬೇಕೆಂದರೆ ಪ್ಯಾಂಟು ನೋಡುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಇವರು ಕಣ್ಣು ಮುಚ್ಚಿ ನಿಂತಿದ್ದಾರೆ.

"ನಿದ್ದೇನಾ?"

"ಶ್. ಕಣ್ ಮುಚ್ಚಿ. ಎಂಟು ಕೇಳ್ಸಿದ್ರೆ ತಪ್ಪು. ಒಂದ್ ಕೇಳ್ಸಿದ್ರೆ ಸರಿ."

ಮುಚ್ಚಿದೆ. ಮೊದಲು ಬರೀ ಗಲಾಟೆ. ಆಮೇಲೆ, ಹೇಗೆ ಹೇಳಲಿ, ಒಂದೇ ಮಿಷನ್ನು ಓಡಿದ ಹಾಗೆ ಕೇಳಿತು. ಒಳ್ಳೆಯ ಮಿಷನ್ನು, ಎಣ್ಣೆ ಬಿಟ್ಟದ್ದು. ನಡುವೆ ಒಂದು ಕಡೆ ದಾರ ಸಿಕ್ಕಿದ ಹಾಗಾಯಿತು. ಕಣ್ಣು ಬಿಟ್ಟೆ. ಅವರೂ ಬಿಟ್ಟಿದ್ದರು.

"ಎಡಗಡೆಯಿಂದ ಮೂರನೇವನು" ಅಂದರು. "ಕೇಳಿಸ್ತಾ?"

"ಏನೋ ಸಿಕ್ಕಾಕ್ಕೊಂಡ ಹಾಗಾಯ್ತು."

ಅವರ ಮುಖ ಅಷ್ಟು ಅರಳಿದ್ದನ್ನು ಆಮೇಲೆ ನಾನು ನೋಡಲಿಲ್ಲ. "ನಮ್ಮನೆಯೋಳಿಗೆ ಏಳ್ ವರ್ಷ ಬೇಕಾಯ್ತು" ಅಂದರು.

ಒಳಗೆ ಕೂತಾಗ ಚಿತ್ರಾನ್ನದ ಡಬ್ಬಿ ತೆರೆದೆ. ಕೈಯಡ್ಡ ಇಟ್ಟರು. "ಬಾರಿಸೋವಾಗ ತಿನ್ನಬಾರ್ದು. ಬಾಯಿ ಆಡ್ತಿದ್ರೆ ಕಿವಿ ಕೆಲ್ಸ ಮಾಡಲ್ಲ." ಒಂದು ತಂಡ ಹೋಗಿ ಇನ್ನೊಂದು ಬರುವ ನಡುವೆ ಗಬಗಬನೆ ನಾಲ್ಕು ತುತ್ತು. ತಂಡ ಬಂತೋ, ಮುಚ್ಚಳ. ಮೇಲಿನ ಸಾಲಿನಿಂದ ಮೈದಾನ ನೋಡಿದರೆ ಅಷ್ಟು ಜನ ಒಮ್ಮೆ ಗೆರೆಯಾಗುತ್ತಾರೆ, ಒಮ್ಮೆ ಚಕ್ರವಾಗುತ್ತಾರೆ, ಯಾರಿಗೂ ಯಾರೂ ಡಿಕ್ಕಿ ಹೊಡೆಯುವುದಿಲ್ಲ. ನನ್ನ ಮಡಿಕೆಗಳೆಲ್ಲ ಒಂದೇ ಸಮಕ್ಕಿದ್ದವು. ನನ್ನ ಕೆಲಸವನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಜೀವಮಾನದಲ್ಲಿ ಅದೇ ಮೊದಲು. ಇದನ್ನು ಅವರಿಗೆ ಹೇಳಲಿಲ್ಲ.

ದಿನಾ ಬೆಳಿಗ್ಗೆ ಅರ್ಧ ಗಂಟೆ ಗ್ಯಾರೇಜಿನಲ್ಲಿ ನಿಂತು ರಬ್ಬರಿನ ಹಲಗೆಯ ಮೇಲೆ ಬಾರಿಸುತ್ತಿದ್ದರು. ನಾನು ವಾಕಿಂಗ್ ಹೋಗುವಾಗ ಗ್ಯಾರೇಜಿನ ಬಾಗಿಲ ಹಿಂದಿನಿಂದ ಟಕಟಕ ಕೇಳುತ್ತಿತ್ತು. ಮೇಜು, ಕಾರಿನ ಸ್ಟೇರಿಂಗ್, ನನ್ನ ಮಿಷನ್ನಿನ ಹಲಗೆ, ಯಾವುದನ್ನೂ ಬಿಡುತ್ತಿರಲಿಲ್ಲ. "ಸೂಜಿ ಮುರಿಯುತ್ತೆ, ಕೈ ತೆಗೀರಿ" ಎಂದು ನಾನು ಗದರಿದರೆ ಮೊಮ್ಮಗಳ ತಲೆಯ ಮೇಲೆ ಬಾರಿಸುವರು. ಅವಳು "ಅಗೇನ್, ತಾತ, ಅಗೇನ್!" ಎಂದು ಕುಣಿಯುವಳು.

ಎರಡು ಬೇಸಿಗೆ ಹೀಗೆ ಹೋಯಿತು. ಮೂರನೆಯ ಬೇಸಿಗೆ ಸ್ಟೇಡಿಯಮ್ಮಿಗೆ ಹೋಗುವಾಗ ಹಿಂದಿನಿಂದ ಆಂಬುಲೆನ್ಸ್ ಬಂತು. ಇಲ್ಲಿ ಅದರ ಸದ್ದು ಕೇಳಿದರೆ ಎಲ್ಲ ಕಾರುಗಳೂ ಬಲಕ್ಕೆ ಸರಿದು ನಿಲ್ಲಬೇಕು. ಎಲ್ಲರೂ ಸರಿದರು. ಇವರು ಸ್ಟೇರಿಂಗಿನ ಮೇಲೆ ಬೆರಳಾಡಿಸುತ್ತ ನೆಟ್ಟಗೆ ಹೋಗುತ್ತಿದ್ದಾರೆ. ಅದು ಬಾಲಕ್ಕೆ ಬಂದು ಬಡಕೊಳ್ಳುತ್ತಿದೆ. ನಾನು ತೋಳು ಹಿಡಿದು ಎಳೆದೆ. ಆಗ ಕನ್ನಡಿ ನೋಡಿ, ಸರಿದು, "ಏನೋ ಯೋಚ್ನೆ ಮಾಡ್ತಿದ್ದೆ" ಅಂದರು.

ನಂಬಿದೆ. ಆದರೆ ಪಾರ್ಕಿಂಗ್ ಲಾಟಿನಲ್ಲಿ ಹುಡುಗರು ಬಾರಿಸತೊಡಗಿದಾಗ ನೋಡುತ್ತೇನೆ, ಮನುಷ್ಯ ಕಣ್ಣು ಬಿಟ್ಟುಕೊಂಡು ನಿಂತಿದ್ದಾರೆ. ಹುಡುಗರ ಕಡ್ಡಿಗಳನ್ನೇ ನೋಡುತ್ತಿದ್ದಾರೆ. ಒಬ್ಬನ ಕಡ್ಡಿ ಡ್ರಮ್ಮಿನ ಅಂಚಿಗೆ ತಾಗಿ ಟಣ್ ಎಂದಿತು. ಸುತ್ತಲಿದ್ದವರೆಲ್ಲ ಹುಬ್ಬು ಗಂಟಿಕ್ಕಿದರು. ಇವರು ನಗುನಗುತ್ತ ತಲೆಯಾಡಿಸುತ್ತಲೇ ಇದ್ದರು. ಒಳಗೆ ಕೂತ ಮೇಲೆ, ತಂಡ ಮೈದಾನದಲ್ಲಿರುವಾಗಲೇ, ಕಡಲೆಕಾಯಿ ಬಿಡಿಸಿ ತಿಂದರು.

ನಾನು ಅವರ ಮುಖಕ್ಕೆ ಮುಖ ಕೊಟ್ಟು ಕೇಳಿದೆ. "ಎಷ್ಟ್ ದಿನ ಆಯ್ತು ಕಿವಿ ಹೋಗಿ?"

ಕಡಲೆಕಾಯಿ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು. "ಪೂರ್ತಿ ಹೋಗಿಲ್ಲ. ದಪ್ಪ ಡ್ರಮ್ಮು ಎದೆಗೆ ಗೊತ್ತಾಗುತ್ತೆ. ಮಾತು ಬಾಯಿ ನೋಡಿದ್ರೆ ತಿಳಿಯುತ್ತೆ. ಕಡ್ಡಿ ಶಬ್ದ ಮಾತ್ರ..." ಅಂದು ಕೈಯಾಡಿಸಿದರು. ಆಮೇಲೆ ಅಂದರು, "ಮಗಳಿಗೆ ಹೇಳ್ಬೇಡಿ. ಕಾರ್ ಕೀ ಕಿತ್ಕೋತಾಳೆ. ಅಂಗಡಿ, ಲೈಬ್ರರಿ ಬಿಟ್ಟು ಇನ್ನೆಲ್ಗೂ ಓಡ್ಸಲ್ಲ. ಬರೋ ಬೇಸಿಗೆ ಒಂದ್ಸಲ ನಾನಾಗ್ ನಾನೇ ಬಂದು ನೋಡ್ತೀನಿ. ಆಮೇಲೆ ನಾನೇ ಹೇಳ್ತೀನಿ. ಒಂದ್ ವರ್ಷ, ಟೈಲರಮ್ಮ."

"ಹೂಂ" ಎಂದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ನೋಡಿ ಕತ್ತು ಉಳುಕಿತು. ಆಮೇಲೆ ಅವರ ಕಾರು ಹತ್ತಲಿಲ್ಲ. ಬಾಯಿ ಮಾತ್ರ ಮುಚ್ಚಿಕೊಂಡಿದ್ದೆ. ನನ್ನ ಮಟ್ಟಿಗೆ ಅದು ಸಣ್ಣ ಕೆಲಸವಲ್ಲ.

ಅಕ್ಟೋಬರಿನಲ್ಲಿ ಒಂದು ಭಾನುವಾರ ನಮ್ಮ ಮನೆಯಲ್ಲಿ ಊಟ. ನಾಲ್ಕು ಮನೆಯವರು ಬಂದಿದ್ದರು, ಇವರೂ ಇವರ ಮಗಳೂ ಸೇರಿ. ಊಟವಾದ ಮೇಲೆ ಮಕ್ಕಳನ್ನು ಡುವಾಲ್ ಎಂಬ ಊರಿನ ತೋಟಕ್ಕೆ ಕುಂಬಳಕಾಯಿ ಕೀಳಿಸಲು ಕರೆದೊಯ್ಯುವುದೆಂದು ಮಾತಾಯಿತು. ದೊಡ್ಡವರಿಗೆಲ್ಲ ಬಿಸಿಬೇಳೆಬಾತಿನ ಮಂಪರು. ಮಕ್ಕಳು ಗಲಾಟೆ. ಆಗ ಇವರು ಎದ್ದು ನಿಂತರು.

"ಮಕ್ಳನ್ನ ನಾನ್ ಕರ್ಕೊಂಡ್ ಹೋಗಿರ್ತೀನಿ. ನೀವೆಲ್ಲ ಆರಾಮಾಗ್ ಬನ್ನಿ. ನಮ್ ವ್ಯಾನಲ್ಲಿ ಏಳ್ ಸೀಟಿದೆ."

"ಸೂಪರ್ ಅಂಕಲ್" ಅಂದ ನನ್ನ ಅಳಿಯ. ಮಕ್ಕಳು ಷೂ ಹಾಕಿಕೊಳ್ಳಲು ಓಡಿದರು. ನನ್ನ ಮೊಮ್ಮಗಳು ಎಲ್ಲರಿಗಿಂತ ಮುಂದೆ.

ನಾನು ಸೌಟು ಹಿಡಿದು ಅಡಿಗೆ ಕಟ್ಟೆಯ ಹತ್ತಿರ ನಿಂತಿದ್ದೆ. ಡುವಾಲಿನ ಆ ಇಳಿಜಾರಿನ ರಸ್ತೆ ಕಣ್ಣೆದುರು ಬಂತು. ಬಾಯಿ ತೆರೆಯಿತು.

"ಅವರ ಜೊತೆ ಮಕ್ಕಳನ್ನ ಕಳಿಸ್ಬೇಡಿ. ಅವರಿಗೆ ಕಿವಿ ಕೇಳ್ಸಲ್ಲ. ಹಿಂದೆ ಆಂಬುಲೆನ್ಸ್ ಬಂದು ಬಡ್ಕೊಂಡ್ರೂ ಗೊತ್ತಾಗಲ್ಲ."

ಮನೆ ತಣ್ಣಗಾಯಿತು. ಎಲ್ಲರೂ ಅವರ ಕಡೆ ನೋಡಿದರು. ಅವರು ಕೈಯಲ್ಲಿ ಕೀ ಹಿಡಿದು, ನನಗೆ ಬೆನ್ನು ಹಾಕಿ, ಷೂ ಕಟ್ಟುವ ಮಕ್ಕಳನ್ನು ನೋಡುತ್ತ ನಗುತ್ತಿದ್ದರು. ನಾನು ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ.

ಎಲ್ಲರೂ ಸುಮ್ಮನಾದದ್ದು ಕಂಡು ತಮ್ಮ ಮಗಳ ಕಡೆ ತಿರುಗಿದರು. "ಏನಾಯ್ತು? ಏನಾದ್ರೂ ಅಂದ್ರಾ ಟೈಲರಮ್ಮ?"

"ಏನಿಲ್ಲ ಅಪ್ಪ."

"ಏನೋ ಅಂದಿದಾರೆ. ಎಲ್ರೂ ಹಿಂಗ್ಯಾಕ್ ನೋಡ್ತಿದೀರಾ?"

ಮತ್ತೆ ಕೇಳಿದರು. ಮೂರನೆಯ ಸಲ ಕೇಳಿದಾಗ ಮಗಳು ಹತ್ತಿರ ಬಂದು, ಅವರ ಕಿವಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. "ನಿಮ್ಗೆ ಕಿವಿ ಕೇಳ್ಸಲ್ವಂತೆ ಅಪ್ಪಾ."

ಅವರು ನನ್ನನ್ನು ನೋಡಿದರು. ಕೋಪದಿಂದ ನೋಡಿದ್ದರೆ ಚೆನ್ನಾಗಿತ್ತು. ಕೀಯನ್ನು ಊಟದ ಮೇಜಿನ ಮೇಲೆ ಉಪ್ಪಿನ ಬಟ್ಟಲ ಪಕ್ಕ ಇಟ್ಟು ಕೂತರು. ಮೊಮ್ಮಗಳು ಒಂದು ಕಾಲಿಗೆ ಷೂ ಹಾಕಿಕೊಂಡು ಬಂದು ನನ್ನ ಸೆರಗು ಎಳೆದಳು. "ಅಜ್ಜಿ, ವೈ ಡಿಡ್ ಯು ಸೇ ದಟ್?"

ಮಕ್ಕಳು ಕ್ಷೇಮವಾಗಿ ಬೇರೆ ಕಾರಿನಲ್ಲಿ ಹೋಗಿ ಬಂದರು. ನಾನು ಹೇಳದೆ ಇದ್ದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಇವತ್ತೂ ಆ ಮಕ್ಕಳನ್ನು ಆ ವ್ಯಾನು ಹತ್ತಿಸುವುದಿಲ್ಲ. ಅವರು ಅಂಗಡಿ, ಲೈಬ್ರರಿ ಎಂದು ಹೇಳಿ ಮಾತು ಮುರಿದರು, ನಾನು ಹೂಂ ಎಂದು ಹೇಳಿ ಮಾತು ಮುರಿದೆ. ಆದರೆ ಪಕ್ಕಕ್ಕೆ ಕರೆಯಬಹುದಿತ್ತು. ಎದುರಿಗೆ ನಿಂತು, ಬಾಯಿ ಕಾಣುವ ಹಾಗೆ, "ಕೀ ಇಲ್ಲಿ ಕೊಡಿ" ಎನ್ನಬಹುದಿತ್ತು. ನಾಲ್ಕು ಹೆಜ್ಜೆ ನಡೆಯಬೇಕಿತ್ತು. ನಡೆಯಲಿಲ್ಲ.

ಅವರ ಮಗಳು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎರಡು ಕಿವಿಗೂ ಮಿಷನ್ ಹಾಕಿಸಿದಳು. "ಫ್ರಿಜ್ಜಿನ ಸದ್ದು ಚೆನ್ನಾಗ್ ಕೇಳುತ್ತೆ" ಅನ್ನುತ್ತಿದ್ದರು. "ಡ್ರಮ್ಮು ಎಣ್ಣೆ ಡಬ್ಬ ಬಡಿದ ಹಾಗೆ." ಮಗಳು ಮನೆಗೆ ಬರುವ ಹೊತ್ತಿಗೆ ಹಾಕಿಕೊಳ್ಳುತ್ತಿದ್ದರು. ನಾನು ವಾಕಿಂಗ್ ಹೋಗುವಾಗ ಗ್ಯಾರೇಜು ಸುಮ್ಮನಿರುತ್ತಿತ್ತು. ಒಂದು ದಿನ ನಿಂತು ಕಾದೆ. ಟಕ್ ಎನ್ನಲಿಲ್ಲ. ನಮ್ಮ ಮನೆಗೆ ಬಂದರೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವರು. ಬೆರಳು ಆಡುತ್ತಿರಲಿಲ್ಲ. ಸೂಜಿ ಮುರಿದರೆ ಮುರಿಯಲಿ, ಬಾರಿಸಿ ಎಂದು ನನಗೆ ಹೇಳಬೇಕು ಅನ್ನಿಸುತ್ತಿತ್ತು. ಬೇಡದ್ದಕ್ಕೆಲ್ಲ ತೆರೆಯುವ ಬಾಯಿ ಅದಕ್ಕೆ ತೆರೆಯಲಿಲ್ಲ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ನಡೆದುಕೊಂಡೇ ಬಂದರು. ಬೆಲ್ ಒತ್ತಿದರು. ಕಾಫಿ ಕೊಟ್ಟೆ. ಅರ್ಧ ಲೋಟ ಕುಡಿದ ಮೇಲೆ ಅಂದರು, "ನೀವ್ ಹೇಳಿದ್ದು ಸರಿ ಟೈಲರಮ್ಮ. ಮಕ್ಕಳ ವಿಷ್ಯ. ನಾನೂ ಮಾತ್ ತಪ್ಪಿದೆ."

ನಾನು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದೆ.

"ಜುಲೈಗೆ ಟಿಕೆಟ್ ತಗೊಂಡಿದೀನಿ. ಅದೇ ಎರಡು ಸೀಟು. ಮಗಳು ಡ್ರಾಪ್ ಮಾಡ್ತಾಳೆ. ನೀವು ಬರ್ಬೇಕು."

"ನಿಮಗೆ ಕೇಳ್ಸಲ್ವಲ್ಲ, ಏನ್ ಮಾಡ್ತೀರಿ ಬಂದು?" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಈ ಸಲ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ತಿಳಿಯಿತು, ನಕ್ಕರು.

"ನಿಮಗ್ ಕೇಳುತ್ತಲ್ಲ. ನೀವ್ ಕಣ್ ಮುಚ್ಚಿ ನಿಂತ್ಕೊಳಿ. ಯಾವನ ಕಡ್ಡಿ ತಡ ಆಯ್ತು ಅಂತ ನನ್ ಕೈ ಹಿಂಡಿ ಹೇಳಿ. ಕಡ್ಡಿ ನಾನ್ ನೋಡ್ಕೋತೀನಿ, ಶಬ್ದ ನೀವ್ ನೋಡ್ಕೊಳಿ."

"ಹೂಂ" ಎಂದೆ. ಎರಡನೆಯ ಸಲ.

ಹೋಗುವಾಗ ಬಾಗಿಲ ಚೌಕಟ್ಟಿನ ಮೇಲೆ ಒಂದೇ ಬೆರಳಲ್ಲಿ ಎರಡು ಸಲ ತಟ್ಟಿದರು. ಅಷ್ಟೇ.

ಮೂರು ವಾರಕ್ಕೆ ನಿದ್ದೆಯಲ್ಲೇ ಹೋದರು. ಹೃದಯ ಅಂದರು. ಕಿವಿ ಹೋಗಿ ಯಾರೂ ಸಾಯುವುದಿಲ್ಲ, ಅದು ನನಗೂ ಗೊತ್ತು.

ಜುಲೈ ಬಂತು. ಚೀಲ ಬಂತು. ಇಪ್ಪತ್ತಾರು ಪ್ಯಾಂಟೂ ಹೊಲಿದು, ಮುಗಿದ ಮೇಲೆ ನಾನೇ ಒಂದೊಂದನ್ನೂ ತೆಗೆದು ಟೇಪು ಹಿಡಿದೆ. ಅವರ ಮಗಳು ಫೋನ್ ಮಾಡಿ, "ಆಂಟಿ, ಟಿಕೆಟ್ ಇದೆ, ಹೋಗೋಣ್ವಾ?" ಅಂದಳು. ಆ ಹುಡುಗಿ ಹದಿನೈದು ವರ್ಷದಲ್ಲಿ ಒಂದು ಸಲವೂ ಬಂದವಳಲ್ಲ. ನಾನೇ ದಾರಿ ತೋರಿಸಿ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋದೆ. ಟೋಪಿ ಹಾಕಿದ ಹಳಬನೊಬ್ಬ ನನ್ನ ಹಿಂದೆ ಮುಂದೆ ನೋಡಿ, ಕೈಯಲ್ಲೇ, ಎಲ್ಲಿ ಎಂದು ಕೇಳಿದ. ನಾನು ಮೇಲೆ ತೋರಿಸಿದೆ. ಅವನು ಟೋಪಿ ತೆಗೆದ. ನಮಗೆ ಜಾಗ ಬಿಟ್ಟರು.

ಹುಡುಗರು ಸಾಲು ನಿಲ್ಲುವ ಮೊದಲು ಆ ಹುಡುಗಿಗೆ ಹೇಳಿಬಿಟ್ಟೆ. "ನಿಮ್ಮಪ್ಪ ನನ್ ಹತ್ರ ಒಂದ್ ವರ್ಷ ಟೈಮ್ ಕೇಳಿದ್ರಮ್ಮ, ನಿಂಗೆ ಹೇಳ್ಬೇಡಿ ಅಂತ. ನಾನ್ ಕೊಡ್ಲಿಲ್ಲ."

ಅವಳು ಡಾಂಬರು ನೋಡುತ್ತ ಅಂದಳು, "ನಂಗ್ ಗೊತ್ತಿತ್ತು ಆಂಟಿ. ಕೇಳ್ಸಲ್ಲ ಅಂತ. ಆಂಬುಲೆನ್ಸ್ ವಿಷ್ಯ ಗೊತ್ತಿರ್ಲಿಲ್ಲ ಅಷ್ಟೇ. ಇದೊಂದ್ ಬೇಸಿಗೆ ಕಳೀಲಿ ಅಂತ ನಾನೂ ಸುಮ್ನಿದ್ದೆ. ನೀವು ಅಷ್ಟ್ ಜನದ ಮುಂದೆ ಹೇಳಿದ್ಮೇಲೆ ಸುಮ್ನಿರೋಕ್ ಆಗ್ಲಿಲ್ಲ."

ಬೈಯಲಿಲ್ಲ. ಇದ್ದದ್ದು ಹೇಳಿದಳು. ನಾನು ಜೀವಮಾನವೆಲ್ಲ ಬೇರೆಯವರಿಗೆ ಮಾಡಿದ್ದೂ ಅದನ್ನೇ. ಹೇಗಿರುತ್ತದೆ ಎಂದು ಗೊತ್ತಾಯಿತು.

ಹುಡುಗರು ಶುರು ಮಾಡಿದರು. ನಾನು ಕಣ್ಣು ಮುಚ್ಚಿದೆ. ಒಂದೇ ಮಿಷನ್ನು, ಎಣ್ಣೆ ಬಿಟ್ಟದ್ದು. ಓಡಿತು, ಓಡಿತು. ಕೊನೆಗೆ ಬರುವಾಗ ಒಬ್ಬನ ಕಡ್ಡಿ ಕೂದಲೆಳೆಯಷ್ಟು ತಡವಾಯಿತು. ಬಲಗಡೆಯಿಂದ ಎರಡನೆಯವನು. ನನಗೆ ಚೆನ್ನಾಗಿ ಕೇಳಿಸಿತು. ಕೈ ಪಕ್ಕಕ್ಕೆ ಹೋಯಿತು. ಸಿಕ್ಕಿದ್ದು ಅವರ ಮಗಳ ಕೈ. ಹಿಂಡಲಿಲ್ಲ.

"ಒಂಚೂರೂ ತಪ್ಪಿಲ್ಲ ಅಲ್ವಾ ಆಂಟಿ?" ಅಂದಳು, ಕಣ್ಣು ಒರೆಸಿಕೊಳ್ಳುತ್ತ.

"ಹೂಂ" ಎಂದೆ.